ಅಕ್ಕಿ ಸಿಗದ ಕಾಲದ ಇಡ್ಲಿ

ಎರಡನೇ ಮಹಾಯುದ್ಧದ ನಡುವೆ, 1942ರ ಮಾರ್ಚ್‌ನಲ್ಲಿ, ಬರ್ಮಾದ ರಂಗೂನು ಜಪಾನೀಯರ ಕೈಸೇರಿತು. ದೂರದ ಬೆಂಗಳೂರಿನ ಮೇಲೆ ಬಾಂಬೇನೂ ಬೀಳಲಿಲ್ಲ. ಆದರೆ ಬರ್ಮಾದ ಅಕ್ಕಿ ನಿಂತದ್ದರ ಬಿಸಿ ಇಲ್ಲಿನ ಒಲೆಗಳಿಗೂ ತಟ್ಟಿತು.

ಅಕ್ಕಿಯಿಲ್ಲದೆ ಇಡ್ಲಿ ಮಾಡುವುದು ಹೇಗೆ? 1924ರಲ್ಲಿ ಶುರುವಾಗಿ ಈಗ ಎಂ.ಟಿ.ಆರ್. ಎಂದು ಹೆಸರಾದ ಹೋಟೆಲಿನವರು, ಆಗ ತಮ್ಮಲ್ಲೇ ರವೆ ಇಡ್ಲಿ ಹುಟ್ಟಿತೆನ್ನುತ್ತಾರೆ. ರವೆಯನ್ನು ಮೊಸರಿನಲ್ಲಿ ಕಲಸಿ, ಒಗ್ಗರಣೆ ಹಾಕಿ, ಹಬೆಯಲ್ಲಿ ಬೇಯಿಸಿದರೆ ಆಯಿತು. ರುಬ್ಬುವ ಗೋಳಿಲ್ಲ, ರಾತ್ರಿಯಿಡೀ ಹುದುಗು ಬರಲೆಂದು ಕಾಯುವುದೂ ಇಲ್ಲ. ಯಾವ ತಿಂಡಿಯನ್ನು ಯಾರು ಮೊದಲು ಮಾಡಿದರೆಂಬ ತಕರಾರು ಎಂದೂ ಬಗೆಹರಿಯುವುದಲ್ಲ. ಆದರೂ ಹೋಟೆಲಿನವರ ಈ ಮಾತಿಗೂ ಆ ಕಾಲಕ್ಕೂ ಚೆನ್ನಾಗಿ ತಾಳೆಯಾಗುತ್ತದೆ.

ಪೆಟ್ರೋಲಿಗೂ ಬರ. ಇದ್ದಿಲಿನ ಅನಿಲದಿಂದ ಓಡಿಸಲೆಂದು ಬಸ್ಸುಗಳ ಬೆನ್ನಿಗೆ ಒಲೆಯಂಥ ಉರುಳೆ ಬಂತು. ಹೊರಡುವ ಮುನ್ನ ಹಿಡಿ ತಿರುಗಿಸಿ, ಗಾಳಿ ಊದಿ, ಕೆಂಡ ಮಾಡಬೇಕು. ದಿಣ್ಣೆ ಹತ್ತುವಾಗ ಏದುಸಿರು!

ಯುದ್ಧ ಕಸಿದುಕೊಂಡದ್ದಷ್ಟೇ ಅಲ್ಲ, ಕೆಲಸವನ್ನೂ ತಂದಿತು. ಮೈಸೂರು ಸರ್ಕಾರದ ಜೊತೆಗೂಡಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲೇ ಸ್ಥಾಪಿಸಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ, 1943ರಲ್ಲಿ ಅಮೆರಿಕದ ಸೇನೆಯ ಉಸ್ತುವಾರಿಗೆ ಹೋಗಿ ವಿಮಾನಗಳ ರಿಪೇರಿಯಲ್ಲಿ ಮುಳುಗಿತು.

ಯುದ್ಧ 1945ರಲ್ಲಿ ಮುಗಿಯಿತು, ರೇಷನ್ ಮುಗಿಯಲಿಲ್ಲ. ಅಕ್ಕಿ ಮತ್ತೆ ಧಾರಾಳವಾಗಿ ಸಿಗತೊಡಗಿದ ಮೇಲೂ ಹೋಟೆಲುಗಳ ತಿಂಡಿಪಟ್ಟಿಯಲ್ಲಿ ರವೆ ಇಡ್ಲಿ ಹಾಗೇ ಉಳಿಯಿತು, ಪಕ್ಕದಲ್ಲಿ ಆಲೂಗಡ್ಡೆ ಸಾಗು ಇಟ್ಟುಕೊಂಡು.