ಹನ್ನೆರಡು ಟೆಸ್ಟ್‌ಗಳ ನಾಯಕತ್ವ: ಶಾಂತಾ ರಂಗಸ್ವಾಮಿ ದಾಖಲೆಯ ಮರುಓದು

ಭಾರತ ಮಹಿಳಾ ಕ್ರಿಕೆಟ್ ತಂಡದ ಮೊದಲ ಟೆಸ್ಟ್ ನಾಯಕಿ ಶಾಂತಾ ರಂಗಸ್ವಾಮಿ. ಅವರ ನಾಯಕತ್ವದ ಲೆಕ್ಕ ಒಂದೇ ಸಾಲಿನಲ್ಲಿ ಮುಗಿಯುತ್ತದೆ: 12 ಟೆಸ್ಟ್, 1 ಗೆಲುವು, 2 ಸೋಲು, 9 ಡ್ರಾ. ಈ ಸಾಲನ್ನಷ್ಟೇ ನೋಡಿದವರಿಗೆ ಸೋಲನ್ನು ತಪ್ಪಿಸಿಕೊಳ್ಳುವುದರಲ್ಲೇ ತೃಪ್ತಿಪಟ್ಟ ನಾಯಕಿಯೊಬ್ಬರು ಕಾಣಬಹುದು. ಪಂದ್ಯಗಳ ದಿನಾಂಕಗಳನ್ನು ಪಕ್ಕದಲ್ಲಿಟ್ಟು ಓದಿದರೆ ಆ ಅಭಿಪ್ರಾಯ ನಿಲ್ಲುವುದಿಲ್ಲ ಎಂಬುದು ಈ ಟಿಪ್ಪಣಿಯ ವಾದ.

ಆ 12 ಟೆಸ್ಟ್‌ಗಳು ಎರಡೇ ಕಂತಿನಲ್ಲಿ ಬಂದವು. 1976ರ ಅಕ್ಟೋಬರ್ 31ರಂದು ಬೆಂಗಳೂರಿನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಮೊದಲ ಟೆಸ್ಟ್ ಶುರುವಾಯಿತು. ಆ ಸರಣಿಯಲ್ಲಿ 6 ಪಂದ್ಯಗಳು. ಮುಂದಿನ ಜನವರಿಯಲ್ಲಿ ನ್ಯೂಜಿಲೆಂಡ್‌ನ ಡುನೆಡಿನ್‌ನಲ್ಲಿ ಒಂದು, ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಒಂದು. ಹೀಗೆ ಮೂರು ತಿಂಗಳೊಳಗೆ 8 ಟೆಸ್ಟ್ ಆಡಿದ ತಂಡ ಆಮೇಲೆ 1984ರ ಜನವರಿಯವರೆಗೆ ಒಂದೇ ಒಂದು ಟೆಸ್ಟ್ ಆಡಲಿಲ್ಲ. ಶಾಂತಾ ಹುಟ್ಟಿದ್ದು 1954ರ ಜನವರಿ 1ರಂದು. ಅಂದರೆ ಈ ಬಿಡುವು ಶುರುವಾದಾಗ ಅವರಿಗೆ 23, ಮುಗಿದಾಗ 30. ಬ್ಯಾಟಿಂಗ್ ಹದಗೊಳ್ಳುವ ಏಳು ವರ್ಷಗಳೂ ಟೆಸ್ಟ್ ಇಲ್ಲದೆಯೇ ಕಳೆದವು. ಅವರ ದಾಖಲೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಈ ಖಾಲಿ ಜಾಗ. ಸರಾಸರಿಯ ಪಟ್ಟಿಯಲ್ಲಿ ಇದಕ್ಕೆ ಅಂಕಣವೇ ಇಲ್ಲ.

ಇದೇ ಅವಧಿಯ ಪುರುಷರ ತಂಡದತ್ತ ನೋಡಬೇಕು. ಸುನಿಲ್ ಗವಾಸ್ಕರ್ ಭಾರತವನ್ನು ಮೊದಲು ಮುನ್ನಡೆಸಿದ್ದು 1976ರ ಜನವರಿಯಲ್ಲಿ, ಕೊನೆಯ ಬಾರಿ ಟೆಸ್ಟ್ ನಾಯಕರಾಗಿದ್ದು 1985ರಲ್ಲಿ. ನಡುವೆ ಬೇರೆಯವರೂ ನಾಯಕರಾದರು, ಆದರೂ ಗವಾಸ್ಕರ್ ಪಾಲಿಗೆ 47 ಟೆಸ್ಟ್‌ಗಳು ಬಂದವು. 9 ಗೆಲುವು, 8 ಸೋಲು, 30 ಡ್ರಾ. ಐದು ದಿನದ ಪಂದ್ಯಗಳಲ್ಲೇ ಮೂರರಲ್ಲಿ ಎರಡು ಪಾಲು ಡ್ರಾ ಆದ ಕಾಲವದು. ಶಾಂತಾ ಅವರ ಒಂಬತ್ತು ಡ್ರಾಗಳಿಗೆ ಹೆದರಿಕೆಯ ಹಣೆಪಟ್ಟಿ ಕಟ್ಟುವ ಮುನ್ನ ಇದನ್ನು ನೆನೆಯಬೇಕು. ವೆಸ್ಟ್ ಇಂಡೀಸ್ ಸರಣಿಯ ಟೆಸ್ಟ್‌ಗಳಂತೂ ಮೂರೇ ದಿನದವು. ಮೂರು ದಿನದಲ್ಲಿ ಎದುರಾಳಿಯನ್ನು ಎರಡು ಬಾರಿ ಆಲ್ ಔಟ್ ಮಾಡಿ, ಬೇಕಾದ ರನ್ನನ್ನೂ ಗಳಿಸುವುದು ಸುಲಭದ ಮಾತಲ್ಲ.

ಅದು ಸಾಧ್ಯವಾದದ್ದು ಪಟ್ನಾದಲ್ಲಿ, 1976ರ ನವೆಂಬರ್‌ನಲ್ಲಿ. ಮೊಯಿನ್-ಉಲ್-ಹಕ್ ಕ್ರೀಡಾಂಗಣದಲ್ಲಿ ಸೇರಿದ್ದ ದೊಡ್ಡ ಜನಸಂದಣಿಯ ಮುಂದೆ ಭಾರತದ ಮಹಿಳೆಯರು ತಮ್ಮ ಮೊದಲ ಟೆಸ್ಟ್ ಗೆದ್ದರು. ಸರಣಿ ಕೊನೆಗೆ 1-1ರಲ್ಲಿ ಸಮವಾಯಿತು. ಪಟ್ನಾ ಗೆಲುವಿನ ತೂಕ ತಿಳಿಯಬೇಕಾದರೆ ಅದರ ನಂತರದ ಗೆಲುವು ಯಾವಾಗ ಬಂತೆಂದು ಹುಡುಕಬೇಕು. ಅದು ಬಂದದ್ದು 2002ರಲ್ಲಿ, ದಕ್ಷಿಣ ಆಫ್ರಿಕಾದ ಪಾರ್ಲ್‌ನಲ್ಲಿ, ಅಂಜುಮ್ ಚೋಪ್ರಾ ನಾಯಕತ್ವದಲ್ಲಿ. ಹಾಗಾಗಿ ‘1 ಗೆಲುವು’ ಎಂಬುದನ್ನು ಕಾಲು ಶತಮಾನಕ್ಕೂ ಮೀರಿ ದೇಶದ ಏಕೈಕ ಗೆಲುವು ಎಂದು ಓದುವುದೇ ಸರಿ.

ಡುನೆಡಿನ್ ಪಂದ್ಯವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಹುಟ್ಟುಹಬ್ಬ ಕಳೆದು ವಾರವಷ್ಟೇ ಆಗಿತ್ತು. ಪರದೇಶದಲ್ಲಿ ಭಾರತದ ಮಹಿಳೆಯರಿಗೆ ಅದು ಮೊಟ್ಟಮೊದಲ ಟೆಸ್ಟ್. ಅಲ್ಲಿ ಶಾಂತಾ 108 ರನ್ ಹೊಡೆದರು. ಭಾರತದ ಮಹಿಳೆಯೊಬ್ಬರು ಗಳಿಸಿದ ಮೊದಲ ಟೆಸ್ಟ್ ಶತಕವದು, ಅದೂ ನಾಯಕಿಯ ಬ್ಯಾಟಿನಿಂದ. ಮಧ್ಯಮ ವೇಗದ ಬೌಲಿಂಗ್ ಕೂಡ ಅವರದೇ ಹೊಣೆ. ಪಂದ್ಯ ಡ್ರಾ ಆಯಿತು. ಆ ಶತಕದ ಬಳಿಕ ಪರ್ತ್‌ನಲ್ಲಿ ಆಡಿದ ಒಂದು ಟೆಸ್ಟ್ ಬಿಟ್ಟರೆ ಮುಂದಿನ ಅವಕಾಶಕ್ಕೆ ಅವರು ಏಳು ವರ್ಷ ಕಾಯಬೇಕಾಯಿತು ಎಂಬುದನ್ನು ಓದುವಾಗ ಇಂದಿಗೂ ಮನಸ್ಸು ನೋಯುತ್ತದೆ.

ಕಾರಣ ಆಟದ ಗುಣಮಟ್ಟವಲ್ಲ, ಹಣ. ಭಾರತೀಯ ಮಹಿಳಾ ಕ್ರಿಕೆಟ್ ಸಂಸ್ಥೆ ಹುಟ್ಟಿದ್ದು 1973ರಲ್ಲಿ. ಅದು ಬಿಸಿಸಿಐ ತೆಕ್ಕೆಗೆ ಸೇರಿದ್ದು 2006ರಲ್ಲಿ. ಅಲ್ಲಿಯವರೆಗೆ ಪ್ರತಿ ಪ್ರವಾಸಕ್ಕೂ ಹಣ ಹೊಂದಿಸುವುದೇ ದೊಡ್ಡ ಕೆಲಸ. ಆ ತಲೆಮಾರಿನ ಆಟಗಾರ್ತಿಯರು ಕಾಯ್ದಿರಿಸದ ರೈಲು ಬೋಗಿಗಳಲ್ಲಿ ಹಾಸಿಗೆ ಹೊತ್ತು ಹೋದದ್ದನ್ನು, ಡಾರ್ಮಿಟರಿಗಳಲ್ಲಿ ನೆಲದ ಮೇಲೆ ಮಲಗಿದ್ದನ್ನು ಶಾಂತಾ ಅವರೇ ಹಲವು ಬಾರಿ ಹೇಳಿಕೊಂಡಿದ್ದಾರೆ. ಅವರಿಗೆ ಹೊಟ್ಟೆಪಾಡಿನ ಆಸರೆ ಕೆನರಾ ಬ್ಯಾಂಕ್ ನೌಕರಿ. ಅಲ್ಲಿ ಅವರು ಜನರಲ್ ಮ್ಯಾನೇಜರ್ ಹುದ್ದೆಯವರೆಗೂ ಏರಿದರು.

ಏಕದಿನ ಪಂದ್ಯಗಳ ಲೆಕ್ಕ ಇಷ್ಟು ಒಳ್ಳೆಯದಲ್ಲ. 1982ರ ನ್ಯೂಜಿಲೆಂಡ್ ವಿಶ್ವಕಪ್‌ನಲ್ಲಿ ಅವರ ತಂಡ 12 ಪಂದ್ಯಗಳಲ್ಲಿ 4 ಗೆದ್ದಿತು. 1984ರಲ್ಲಿ ಆಸ್ಟ್ರೇಲಿಯಾ ಇಲ್ಲಿಗೆ ಬಂದಾಗ ಆಡಿದ ನಾಲ್ಕು ಏಕದಿನ ಪಂದ್ಯಗಳನ್ನೂ ಸೋತಿತು. ಇದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಏಕದಿನದಲ್ಲಿ ಒಂದೂ ಬಿಡದೆ ಗೆದ್ದ ಅದೇ ಆಸ್ಟ್ರೇಲಿಯಾಕ್ಕೆ ಅದೇ ಪ್ರವಾಸದ ನಾಲ್ಕು ಟೆಸ್ಟ್‌ಗಳಲ್ಲಿ ಒಂದನ್ನೂ ಗೆಲ್ಲಲಾಗಲಿಲ್ಲ. ಏಳು ವರ್ಷ ಟೆಸ್ಟ್ ಮೈದಾನ ಕಾಣದಿದ್ದ ತಂಡ ನಾಲ್ಕನ್ನೂ ಉಳಿಸಿಕೊಂಡಿತು. ನನ್ನ ತೀರ್ಮಾನದಲ್ಲಿ ಶಾಂತಾ ಅವರ ನಾಯಕತ್ವದ ದೊಡ್ಡ ಸಾಧನೆಗಳಲ್ಲಿ ಪಟ್ನಾ ಬಿಟ್ಟರೆ ಮುಂದಿನದು ಇದೇ.

1976ರ ಅರ್ಜುನ ಪ್ರಶಸ್ತಿ ಅವರಿಗೆ ಸಂದಿತು. ಮಹಿಳಾ ಕ್ರಿಕೆಟ್‌ಗೆ ಬಂದ ಮೊದಲ ಅರ್ಜುನ ಅದು. ಬಿಸಿಸಿಐನ ಜೀವಮಾನ ಸಾಧನೆ ಗೌರವ 2017ರಲ್ಲಿ ಬಂತು. 1991ರ ಆಸ್ಟ್ರೇಲಿಯಾ ಪ್ರವಾಸದೊಂದಿಗೆ ಅವರ ಟೆಸ್ಟ್ ಆಟ ಮುಗಿದಾಗ ಒಟ್ಟು ಲೆಕ್ಕ 16 ಟೆಸ್ಟ್, 32.60 ಸರಾಸರಿಯಲ್ಲಿ 750 ರನ್, 21 ವಿಕೆಟ್. ಆ 16ರಲ್ಲಿ ನಾಯಕತ್ವದ ಹೊರೆಯಿಲ್ಲದೆ ಆಡಿದ್ದು ನಾಲ್ಕೇ ಟೆಸ್ಟ್.