ಇನ್‌-ಪ್ಲೇಸ್ ಅಪ್‌ಗ್ರೇಡ್

ಹಾರ್ಡ್‌ಡಿಸ್ಕ್ ಫಾರ್ಮ್ಯಾಟ್ ಮಾಡದೆ, ಕಡತ, ತಂತ್ರಾಂಶ, ಫಾಂಟ್‌ಗಳನ್ನು ಉಳಿಸಿಕೊಂಡೇ ಕಂಪ್ಯೂಟರಿನ ಕಾರ್ಯಾಚರಣ ವ್ಯವಸ್ಥೆಯನ್ನು ಹೊಸ ಆವೃತ್ತಿಗೆ ಏರಿಸುವ ವಿಧಾನ.

ವಿಧಾನ: ವಿಂಡೋಸ್ ಚಾಲನೆಯಲ್ಲಿರುವಾಗಲೇ ಪೆನ್‌ಡ್ರೈವ್‌ನಿಂದ ಹೊಸ ಆವೃತ್ತಿಯ ಸೆಟಪ್ ತೆರೆದು, ಕಡತ ಮತ್ತು ಆ್ಯಪ್‌ಗಳನ್ನು ಉಳಿಸಿಕೊಳ್ಳುವ ಆಯ್ಕೆ ಒತ್ತಬೇಕು. ಹಳೆಯ ವ್ಯವಸ್ಥೆ ‘ವಿಂಡೋಸ್.ಓಲ್ಡ್’ ಫೋಲ್ಡರಿಗೆ ಸರಿಯುತ್ತದೆ. ವಿಂಡೋಸ್ 10 ಮತ್ತು 11ರಲ್ಲಿ ಸಾಮಾನ್ಯವಾಗಿ 10 ದಿನಗಳೊಳಗೆ ಹಿಂದಿನ ಆವೃತ್ತಿಗೆ ಮರಳಬಹುದು.

ಮಿತಿಗಳು: 32 ಬಿಟ್ ಆವೃತ್ತಿಯಿಂದ 64 ಬಿಟ್‌ಗೆ, ಎಕ್ಸ್‌ಪಿಯಿಂದ ನೇರವಾಗಿ ವಿಂಡೋಸ್ 7ಕ್ಕೆ ಹೀಗೆ ಏರಲಾಗದು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆದರೆ ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ಘಟಕ, 4 ಜಿಬಿ ರ‍್ಯಾಮ್, 64 ಜಿಬಿ ಸಂಗ್ರಹ ಕೇಳುವುದರಿಂದ ಅನೇಕ ಹಳೆಯ ಯಂತ್ರಗಳು ಹೊರಗುಳಿಯುತ್ತವೆ.

ಕನ್ನಡ ಬಳಕೆಯಲ್ಲಿ: ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಂಥ ತಾಲ್ಲೂಕು ಕೇಂದ್ರಗಳ ಡಿಟಿಪಿ ಕೆಲಸಕ್ಕೆ ಈ ವಿಧಾನ ಅನುಕೂಲ. ಯೂನಿಕೋಡ್‌ಪೂರ್ವ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪಾದ ಕ್ರಯಪತ್ರ, ಲಗ್ನಪತ್ರಿಕೆಗಳು ಆ ಫಾಂಟ್ ಅಳಿದರೆ ಲ್ಯಾಟಿನ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರವಾಗಿ ಕಾಣುತ್ತವೆ. ಫಾಂಟ್ ಉಳಿದರೂ ಹಳೆಯ ಪ್ರಿಂಟರ್, ಸ್ಕ್ಯಾನರ್‌ಗಳಿಗೆ ಹೊಸ ಡ್ರೈವರ್ ಬೇಕಾಗಬಹುದು. ಕಡತಗಳ ಜೊತೆ ಫಾಂಟ್‌ಗಳನ್ನೂ ಮೊದಲೇ ಬ್ಯಾಕಪ್ ಮಾಡಿಕೊಳ್ಳುವುದು ಅಗತ್ಯ.