‘ನೆಟ್ ಐತಿ, ಸೈಟ್ ಬರವಲ್ದು’: ಬ್ಯಾಡಗಿ ಸೀಮೆಯ ಒಂದು ದುರಸ್ತಿ ವಿದ್ಯೆ

ಕಡ್ಡಿ, ಡಬ್ಬಿ ಎಂಬ ಎರಡು ತಳಿಗಳ ಕಡುಗೆಂಪು ಬಣ್ಣದಿಂದ ದೇಶಾಂತರಗಳಲ್ಲಿ ಹೆಸರು ಗಳಿಸಿ, 2011ರಲ್ಲಿ ಭೌಗೋಳಿಕ ಸೂಚಕದ ಮನ್ನಣೆಯನ್ನೂ ಪಡೆದ ಮೆಣಸಿನಕಾಯಿಯ ಊರು ಬ್ಯಾಡಗಿ; ಅದರ ಇತಿಹಾಸವನ್ನು ಹೇಳುವವರು ಪೇಟೆಯ ಧಾರಣೆಯಿಂದಲೂ ದಲಾಲಿ ಅಂಗಡಿಗಳಿಂದಲೂ ಆರಂಭಿಸುವುದು ಸಹಜವೇ ಆಗಿದ್ದರೂ, ಅದೇ ಪೇಟೆಯ ಆಶ್ರಯದಲ್ಲಿ ಈಚೆಗೆ ಬೆಳೆದ ಮತ್ತೊಂದು ಕಸುಬು, ಎಂದರೆ ಮನೆಯ ಗಣಕಯಂತ್ರದ ದುರಸ್ತಿ, ಅಷ್ಟೇ ವಿಚಾರಾರ್ಹವಾದುದು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ದುರಸ್ತಿಗಾರರಿಗೆ ಯಂತ್ರವೇ ಹೊತ್ತಿಕೊಳ್ಳದೆಂಬ ದೂರು ಕಷ್ಟದ್ದಲ್ಲ. ‘ನೆಟ್ ಐತ್ರಿ, ಆದ್ರ ಈ ಸೈಟ್ ಒಂದ ಬರವಲ್ದು’ ಎಂಬುದೇ ಕಷ್ಟದ್ದು. ಪೂರ್ತಿ ಕೆಟ್ಟುದರಲ್ಲಿ ದೋಷವು ತಾನಾಗಿಯೇ ಗೋಚರಿಸುತ್ತದೆ. ಅರ್ಧ ಕೆಟ್ಟು ಅರ್ಧ ನೆಟ್ಟಗಿರುವುದರಲ್ಲಿ ವಿವೇಚನೆ ಬೇಕಾಗುತ್ತದೆ.

ನಮ್ಮ ದೇಶದ ಸಾರ್ವಜನಿಕರಿಗೆ ಅಂತರಜಾಲವು ದೊರೆತದ್ದು 1995ರ ಆಗಸ್ಟ್ 15ರಂದು. ಧಾರವಾಡದಿಂದ ಬೇರ್ಪಟ್ಟು ಹಾವೇರಿ ಜಿಲ್ಲೆಯಾದದ್ದು 1997ರಲ್ಲಿ. ದೂರವಾಣಿಯ ತಂತಿಯ ಮೇಲೆ ಮೋಡೆಮ್ ಕಿರುಚುತ್ತಿದ್ದ ಆ ಕಾಲದಲ್ಲಿ ಪುಟವು ಬಾರದಿದ್ದರೆ ತಂತಿಯ ನಿಧಾನವನ್ನು ಹಳಿದು ಸುಮ್ಮನಾಗುತ್ತಿದ್ದರು. 2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಆರಂಭವಾಗಿ ಕ್ರಮೇಣ ಸಣ್ಣ ಪೇಟೆಗಳಿಗೂ ವ್ಯಾಪಿಸಿದ ತರುವಾಯವೇ ವಿಚಿತ್ರವಾದ ಪಕ್ಷಪಾತವೊಂದು ಕಾಣಿಸಿಕೊಂಡಿತು: ಸಣ್ಣ ಪುಟಗಳು ಬರುವುವು, ದೊಡ್ಡವು ಅರ್ಧಕ್ಕೆ ನಿಲ್ಲುವುವು. ಈಥರ್ನೆಟ್ ಒಂದು ಸಲಕ್ಕೆ 1500 ಬೈಟ್‌ಗಳ ಹೊರೆಯನ್ನು ಸಾಗಿಸಬಲ್ಲುದಾದರೂ, ಬ್ರಾಡ್‌ಬ್ಯಾಂಡಿನ ಪಿಪಿಪಿಓಇ ಎಂಬ ಹೊದಿಕೆ ತನಗಾಗಿ 8 ಬೈಟ್‌ಗಳನ್ನು ತೆಗೆದುಕೊಳ್ಳುವುದರಿಂದ ಉಳಿಯುವುದು 1492 ಮಾತ್ರ. ಹೊರೆ ಹೆಚ್ಚಾಯಿತೆಂಬ ಸೂಚನೆಯನ್ನು ಕಾವಲು ತಂತ್ರಾಂಶಗಳು ತಡೆದಿಟ್ಟ ತಾಣಗಳಷ್ಟೇ ನಿಂತುಹೋಗುತ್ತಿದ್ದುವು. ಮೋಡೆಮಿನಲ್ಲಿ ಆ ಒಂದು ಅಂಕಿಯನ್ನು ತಿದ್ದಿದರೆ ಸಾಕಾಗಿದ್ದ ಕಾಯಿಲೆಗೆ ಅಂದು ನಡೆಯುತ್ತಿದ್ದ ಚಿಕಿತ್ಸೆಯಾದರೋ ‘ಫಾರ್ಮ್ಯಾಟ್ ಹೊಡೆಯುವುದು’, ಎಂದರೆ ಇದ್ದುದೆಲ್ಲವನ್ನೂ ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕುವುದು. ಅಳಿಸಿದ ಮೇಲೂ ಆ ತಾಣ ಬಾರದಿದ್ದಾಗ ಮನೆಯವರಿಗೆ ಆಗುತ್ತಿದ್ದ ವ್ಯಥೆಯನ್ನು ಹೇಳಬೇಕಾಗಿಲ್ಲ.

ಎರಡನೆಯ ಪಾಠವನ್ನು ಕಲಿಸಿದುವು ಹೆಸರುಗಳು. ರೈತನಿಗೂ ಖರೀದಿದಾರನಿಗೂ ನಡುವೆ ದಲಾಲನಿರುವಂತೆ, ನಾವು ಬೆರಳಚ್ಚಿಸುವ ಹೆಸರಿಗೂ ಯಂತ್ರಕ್ಕೆ ಬೇಕಾದ ಅಂಕಿಯ ವಿಳಾಸಕ್ಕೂ ನಡುವೆ ಡಿಎನ್‌ಎಸ್ ಇರುತ್ತದೆ. ಪೂರ್ವದಲ್ಲಿ ಈ ಹೆಸರುಗಳೆಲ್ಲವೂ ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಅವರ ತಂಡವು ಪಾಲಿಸುತ್ತಿದ್ದ ಒಂದೇ ಪಟ್ಟಿಯಲ್ಲಿ ಅಡಕವಾಗಿದ್ದುವು. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಡಿಎನ್‌ಎಸ್ ವ್ಯವಸ್ಥೆಯನ್ನು ರೂಪಿಸಿದರು. ಆ ಹಳೆಯ ಪಟ್ಟಿಯ ಅವಶೇಷವು ‘ಹೋಸ್ಟ್ಸ್’ ಎಂಬ ಕಡತವಾಗಿ ಇಂದಿಗೂ ಪ್ರತಿಯೊಂದು ವಿಂಡೋಸ್ ಯಂತ್ರದಲ್ಲಿ ಉಳಿದಿರುವುದರಿಂದ, ವೈರಸ್ ಬರೆಯುವವರು ಅದರಲ್ಲಿ ಒಂದೆರಡು ಸಾಲುಗಳನ್ನು ಸೇರಿಸಿ ತಮಗೆ ಬೇಡವಾದ ತಾಣಗಳನ್ನು ಮರೆಮಾಡುವುದು ಸುಲಭಸಾಧ್ಯವಾಯಿತು. 2008ರ ಕೊನೆಯಲ್ಲಿ ಕಾಣಿಸಿಕೊಂಡ ಕಾನ್ಫಿಕರ್ ಎಂಬುದು ಕಡತದ ಗೋಜಿಗೂ ಹೋಗದೆ ಮೈಕ್ರೋಸಾಫ್ಟಿನ ಹಾಗೂ ವೈರಸ್ ನಿವಾರಕ ಸಂಸ್ಥೆಗಳ ತಾಣಗಳನ್ನೇ ಆಯ್ದು ಅಡ್ಡಗಟ್ಟಿತು. ಡಿಎನ್‌ಎಸ್ ಚೇಂಜರ್ ಎಂಬ ಮತ್ತೊಂದು ಉಪದ್ರವವು ಯಂತ್ರಗಳ ಡಿಎನ್‌ಎಸ್ ವಿಳಾಸವನ್ನೇ ಬದಲಿಸಿತ್ತಾದ್ದರಿಂದ, ಅಮೆರಿಕದ ಎಫ್‌ಬಿಐ ಏರ್ಪಡಿಸಿದ್ದ ಬದಲಿ ಸರ್ವರ್‌ಗಳು 2012ರ ಜುಲೈ 9ರಂದು ನಿಂತಾಗ, ಸೋಂಕು ತಗುಲಿದ ಯಂತ್ರಗಳಿಗೆ ಹೆಸರು ಹೇಳಿ ಯಾವ ತಾಣವನ್ನೂ ತಲಪುವುದು ಅಸಾಧ್ಯವಾಯಿತು.

ದೋಷವು ಮನೆಯ ಒಳಗೇ ಇರಬೇಕೆಂಬ ನಿಯಮವೂ ಇಲ್ಲ. 2006ರ ಜುಲೈಯಲ್ಲಿ ಸರ್ಕಾರವು ಕೆಲವೇ ಪುಟಗಳನ್ನು ತಡೆಯಬೇಕೆಂದು ಆದೇಶಿಸಿದರೆ, ಸೇವಾಸಂಸ್ಥೆಗಳಲ್ಲಿ ಹಲವು ಬ್ಲಾಗ್‌ಸ್ಪಾಟ್ ತಾಣವನ್ನೇ ಸಮಗ್ರವಾಗಿ ಮುಚ್ಚಿದುವು. ಅಂದು ಮನೆಯ ಯಂತ್ರವನ್ನು ಬಿಚ್ಚಿದವರ ಶ್ರಮವೆಲ್ಲವೂ ವ್ಯರ್ಥ.

ಎಲ್ಲಕ್ಕಿಂತ ಸೂಕ್ಷ್ಮವಾದುದು ಗಡಿಯಾರದ ದೋಷ. ಮದರ್‌ಬೋರ್ಡಿನ ಮೇಲೆ ನಾಣ್ಯದಾಕಾರದ, 3 ವೋಲ್ಟಿನ ಸಿಆರ್ 2032 ಸೆಲ್ಲೊಂದು ಇರುತ್ತದೆ. ಅದು ಸತ್ತರೆ, ಕರೆಂಟು ಹೋಗಿ ಬಂದಾಗಲೆಲ್ಲ ಯಂತ್ರದ ದಿನಾಂಕವು ಹಲವು ವರ್ಷ ಹಿಂದಕ್ಕೆ ಸರಿಯುತ್ತದೆ. ಹಳೆಯ ಬಗೆಯ ತಾಣಗಳು ಬಂದರೂ, ಪ್ರಮಾಣಪತ್ರದ ಅವಧಿಯನ್ನು ಪರೀಕ್ಷಿಸಬೇಕಾದ ಬ್ಯಾಂಕಿನ ತಾಣವು ಸುರಕ್ಷಿತವಲ್ಲವೆಂದು ಬ್ರೌಸರ್ ನಿರಾಕರಿಸುತ್ತದೆ. ಲೋಡ್ ಶೆಡ್ಡಿಂಗಿನ ಬೇಸಗೆಯಲ್ಲಿ ಈ ಅಲ್ಪಬೆಲೆಯ ಸೆಲ್ಲನ್ನು ಬದಲಿಸಿ ಸಮಯವನ್ನು ಸರಿಪಡಿಸುವುದಷ್ಟೇ ಪರಿಹಾರ. 2021ರ ಸೆಪ್ಟೆಂಬರ್ 30ರಂದು ಡಿಎಸ್‌ಟಿ ರೂಟ್ ಸಿಎ ಎಕ್ಸ್3 ಎಂಬ ಮೂಲ ಪ್ರಮಾಣಪತ್ರದ ಅವಧಿ ಮುಗಿದಾಗಲಾದರೋ ಗಡಿಯಾರವು ಸರಿಯಾಗಿದ್ದರೂ, ನವೀಕರಣವಿಲ್ಲದ ಹಳೆಯ ಯಂತ್ರಗಳಿಗೆ ಅಸಂಖ್ಯ ತಾಣಗಳು ಒಮ್ಮೆಲೇ ದುರ್ಲಭವಾದುವು.

ಇಷ್ಟೆಲ್ಲ ಬ್ಯಾಡಗಿಗೆ ಏಕೆ ಮುಖ್ಯವಾಯಿತೆಂದರೆ, 2014ರಲ್ಲಿ ರಾಜ್ಯದ ಏಕೀಕೃತ ಮಾರುಕಟ್ಟೆ ವೇದಿಕೆ ಆರಂಭವಾಗಿ, ಮೆಣಸಿನಕಾಯಿಯ ವ್ಯಾಪಾರವೂ ಇ-ಟೆಂಡರಿಗೆ ಒಳಪಟ್ಟ ಮೇಲೆ, ಪಹಣಿ, ಧಾರಣೆ, ಪರೀಕ್ಷೆಯ ಫಲಿತಾಂಶಗಳೆಲ್ಲವೂ ಪರದೆಯ ಮೇಲೆಯೇ ಬರತೊಡಗಿದ ಮೇಲೆ, ತಾಣವೊಂದು ಬಾರದಿರುವುದು ವಿನೋದದ ಭಂಗವಾಗಿ ಉಳಿಯದೆ ವ್ಯವಹಾರದ ಭಂಗವಾಯಿತು. ‘ಸರ್ವರ್ ಡೌನ್’ ಎಂಬ ಮಾತು ಪೇಟೆಯಲ್ಲಿ ನೆಲಸಿದ್ದೂ ಹೀಗೆಯೇ. ಹಲವು ಸಲ ಅದು ನಿಜವಾದರೂ, ಪರೀಕ್ಷಿಸದೆ ನುಡಿದಾಗ ಹಿಂದಿನ ಫಾರ್ಮ್ಯಾಟಿನಷ್ಟೇ ಕುರುಡಾದುದು.

ಅನುಭವಸ್ಥನಾದ ದುರಸ್ತಿಗಾರನು ಮೊದಲು ಕೇಳುವುದು ಯಾವ ತಾಣ ಬರುತ್ತಿಲ್ಲವೆಂದಲ್ಲ, ಯಾವ ಯಾವ ತಾಣಗಳು ಬರುತ್ತಿವೆಯೆಂದು. ಅದೇ ತಾಣವು ಮನೆಯ ಮೊಬೈಲಿನಲ್ಲಿ ಅದೇ ವೈಫೈ ಮೂಲಕ ಬಂದರೆ ದೋಷವು ಯಂತ್ರದ್ದು. ಮೊಬೈಲಿನ ಸ್ವಂತ ಡೇಟಾದಲ್ಲಿ ಮಾತ್ರ ಬಂದರೆ ಮನೆಯ ಸಂಪರ್ಕದ್ದು. ಎಲ್ಲಿಯೂ ಬಾರದಿದ್ದರೆ ಬಹುಶಃ ತಾಣದ್ದೇ. ಯಂತ್ರದ್ದೆಂದಾದಲ್ಲಿ ದಿನಾಂಕ, ಡಿಎನ್‌ಎಸ್, ಹೋಸ್ಟ್ಸ್ ಕಡತ, ಈ ಕ್ರಮದಲ್ಲಿ ನೋಡುತ್ತಾನೆ. ಅಳಿಸುವ ಮಾತು ಕಟ್ಟಕಡೆಗೆ. ಇಪ್ಪತ್ತು ವರ್ಷಗಳಲ್ಲಿ ಈ ಕಸುಬು ಗಳಿಸಿದ ವಿದ್ಯೆಯ ಸಾರ ಇಷ್ಟೇ: ಸರಿಯಾಗಿರುವುದು ಎಲ್ಲಿಯವರೆಗೆಂದು ಅರಿಯದೆ, ಕೆಟ್ಟಿರುವುದರ ಮೇಲೆ ಕೈಯಿಡಬಾರದು.